ಓಡ್ತಾ ಇರೋ ಟ್ಯಾಲಿಗೆ ಹೊರಗಿನ ಪ್ರೋಗ್ರಾಮಿಂದ ಎಂಟ್ರಿ ಕಳ್ಸೋದು ಹೆಂಗೆ? (ಕೀಬೋರ್ಡ್ ಆಡ್ಸೋ ದಾರಿ ಹೇಳ್ಬೇಡಿ, ಆಗ್ಲೇ ಮರ್ಯಾದೆ ಹೋಗಿದೆ)

ಗುಜರಿ_ಪೈಥಾನ್ · ರಾತ್ರಿ 9:50

ಎಲ್ರಿಗೂ ನಮಸ್ಕಾರ. ನಮ್ಮ ಮಾವಂದು ಒಂದು ಹಾರ್ಡ್‌ವೇರ್ ಅಂಗಡಿ ಐತೆ, ಪೈಪು, ಪೇಂಟು, ಮೊಳೆ, ಇಂಥವು. ಕೌಂಟರಲ್ಲಿ ಬಿಲ್ ಹಾಕೋಕೆ ನಾನೇ ಪೈಥಾನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಬರ್ಕೊಟ್ಟಿದೀನಿ. ಲೆಕ್ಕ ಮಾತ್ರ ಟ್ಯಾಲಿಪ್ರೈಮಲ್ಲಿ, ಒಳಗಿನ ರೂಮಲ್ಲಿ ಅಕೌಂಟೆಂಟ್ ಮೇಡಂ ಬೆಳಗ್ಗೆಯಿಂದ ಸಂಜೆ ತನಕ ಅದನ್ನ ಓಪನ್ ಇಟ್ಕೊಂಡೇ ಕೂತಿರ್ತಾರೆ. ದಿನಕ್ಕೆ 120-130 ಬಿಲ್, ಅಷ್ಟನ್ನೂ ಅವರು ಮತ್ತೆ ಕೈಯಲ್ಲಿ ಹೊಡೀಬೇಕು.

ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಪೈಆಟೋಜಿಯುಐ ಇಟ್ಕೊಂಡು, ಮನುಷ್ಯ ಕೀ ಒತ್ತಿದಂಗೆ ಒತ್ತೋ ಸ್ಕ್ರಿಪ್ಟ್ ಬರ್ದೆ. ಎಫ್8 ಒತ್ತು, ಪಾರ್ಟಿ ಹೆಸರು ಟೈಪ್ ಮಾಡು, ಎಂಟರ್, ಎಂಟರ್, ಅಮೌಂಟು, ಎಂಟರ್. ಎರಡು ದಿನ ಹೂವೆತ್ತಿದಂಗೆ ಓಡ್ತು. ಮೂರನೇ ದಿನ ಮೇಡಂ ಊಟಕ್ಕೆ ಹೋದಾಗ ಬಿಟ್ಟು ಬಂದಿದ್ದೆ, ಅಷ್ಟರಲ್ಲಿ ಅಂಗಡಿ ಹುಡುಗ ಬಂದು ಏನೋ ಕೊಟೇಶನ್ ಪ್ರಿಂಟ್ ತಗೋಬೇಕು ಅಂತ ವಾಟ್ಸಾಪ್ ವಿಂಡೋ ಕ್ಲಿಕ್ ಮಾಡವ್ನೆ. ಮುಂದಿನ 14 ಬಿಲ್ಲು ಸೀದಾ ನಮ್ಮ ಸಪ್ಲೈಯರ್ ಚಾಟಿಗೆ ಹೋದ್ವು. ಪಾರ್ಟಿ ಹೆಸರು, ನಾವು ಮಾರೋ ರೇಟು, ಎಲ್ಲಾ. ಮಾವ ಇನ್ನೂ ಮಾತಾಡ್ಸ್ತಿಲ್ಲ.

ಪ್ರಶ್ನೆ ಇಷ್ಟೇ, ಓಪನ್ ಆಗಿರೋ ಟ್ಯಾಲಿ ಜೊತೆ ನನ್ನ ಪ್ರೋಗ್ರಾಮ್ ನೇರವಾಗಿ ಮಾತಾಡೋಕೆ ಆಗುತ್ತಾ? ಮೌಸು ಕೀಬೋರ್ಡ್ ಮುಟ್ಟದೆ, ಮೇಡಂ ಕೆಲಸ ನಿಲ್ಲಿಸದೆ?

ಫೇಡಾ_404 · ರಾತ್ರಿ 9:58

ಸಪ್ಲೈಯರ್‌ಗ ನೀವ್ ಮಾರೂ ರೇಟ್ ಗೊತ್ತಾತಂದ್ರ ಮುಗೀತ್ರಿ. ಮಾವ ಮಾತಾಡ್ಸೂದ ದೂರ ಉಳೀತು, ಹಬ್ಬಕ್ಕ ಊಟಕ್ಕ ಕರದ್ರ ಪುಣ್ಯಾ 😂

ಕುಡ್ಲದ_ಕೋಡರ್ · ರಾತ್ರಿ 10:06

ಆಗ್ತದೆ ಮಾರಾಯ್ರೆ, ಅದೂ ಬಹಳ ಸುಲಭದಲ್ಲಿ. ಟ್ಯಾಲಿಯ ಒಳಗೇ ಒಂದು ಪುಟ್ಟ ಎಚ್‌ಟಿಟಿಪಿ ಸರ್ವರ್ (ನೆಟ್‌ವರ್ಕಿಂದ ಬಂದ ಕೋರಿಕೆಗೆ ಉತ್ತರ ಕೊಡೋದು) ಉಂಟು, ಸುಮಾರು ಜನರಿಗೆ ಗೊತ್ತೇ ಇಲ್ಲ. ಎಫ್1 ಒತ್ತಿ, ಸೆಟ್ಟಿಂಗ್ಸ್, ಕನೆಕ್ಟಿವಿಟಿ, ಅಲ್ಲಿ ಕ್ಲೈಂಟ್/ಸರ್ವರ್ ಕಾನ್ಫಿಗರೇಶನ್ ಅಂತ ಸಿಗ್ತದೆ. ಅದರಲ್ಲಿ "ಬೋತ್" ಇಡಿ, ಪೋರ್ಟ್ 9000 ಇರ್ಲಿ, ಟ್ಯಾಲಿ ಒಮ್ಮೆ ಬಂದ್ ಮಾಡಿ ಪುನಃ ತೆಗೀರಿ. ಆಮೇಲೆ ಅದೇ ಕಂಪ್ಯೂಟರಿನ ಬ್ರೌಸರಲ್ಲಿ ಲೋಕಲ್‌ಹೋಸ್ಟ್ ಅಂತ ಹೊಡ್ದು ಕೋಲನ್ 9000 ಹಾಕಿ ನೋಡಿ. "ಟ್ಯಾಲಿಪ್ರೈಮ್ ಸರ್ವರ್ ಈಸ್ ರನ್ನಿಂಗ್" ಅಂತ ಒಂದು ಸಾಲು ಬಂದ್ರೆ ಬಾಗಿಲು ತೆರೆದಿದೆ ಅಂತ ಲೆಕ್ಕ.

ಇನ್ನು ನಿಮ್ಮ ಪೈಥಾನಿಂದ ಆ ವಿಳಾಸಕ್ಕೆ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿ ಬರ್ದ ಮಾಹಿತಿ) ಪೋಸ್ಟ್ ಮಾಡೋದು ಅಷ್ಟೇ, ಬೇರೆ ಕಂಪ್ಯೂಟರಿಂದ ಆದ್ರೆ ಲೋಕಲ್‌ಹೋಸ್ಟ್ ಬದಲು ಟ್ಯಾಲಿ ಇರುವ ಕಂಪ್ಯೂಟರಿನ ಐಪಿ ಹಾಕಿ. ಹೊರಗೆ ಎನ್ವಲಪ್ ಟ್ಯಾಗ್, ಒಳಗೆ ಹೆಡರ್ ಮತ್ತು ಬಾಡಿ. ಎಂಟ್ರಿ ಹಾಕ್ಲಿಕ್ಕೆ ಇಂಪೋರ್ಟ್, ರಿಪೋರ್ಟ್ ತೆಗೀಲಿಕ್ಕೆ ಎಕ್ಸ್‌ಪೋರ್ಟ್. ಸ್ಕ್ರೀನಲ್ಲಿ ಏನು ಓಪನ್ ಉಂಟು, ಮೌಸ್ ಎಲ್ಲಿ ಉಂಟು ಅಂತ ಅದಕ್ಕೆ ಸಂಬಂಧವೇ ಇಲ್ಲ.

ಗುಜರಿ_ಪೈಥಾನ್ · ರಾತ್ರಿ 10:11

ಹೌದಾ?? ನಾನು ಎರಡು ವಾರ ಸ್ಕ್ರೀನ್‌ಶಾಟ್ ಹೋಲ್ಸಿ ಬಟನ್ ಹುಡುಕ್ತಾ ಕೂತಿದ್ನಲ್ಲ ಗುರೂ

ಹಳೇ_ವಿಂಡೋಸ್ · ರಾತ್ರಿ 10:19

ಹೊಸಬರಿಗೆಲ್ಲ ಇದು ಹೊಸದು ಅನ್ಸುತ್ತೆ. ಓಡ್ತಿರೋ ಪ್ರೋಗ್ರಾಮ್ ಜೊತೆ ಮಾತಾಡೋದು 1987ರ ವಿಂಡೋಸ್ 2.0 ಕಾಲದಿಂದ ಇದೆ ಸ್ವಾಮಿ, ಡಿಡಿಇ ಅಂತ. ಎಕ್ಸೆಲ್ ಸೆಲ್ಲಲ್ಲಿ ಈಕ್ವಲ್ ಹಾಕಿ ಪ್ರೋಗ್ರಾಮ್ ಹೆಸರು, ಒಂದು ನೆಟ್ಟಗಿನ ಗೀಟು, ಟಾಪಿಕ್ಕು, ಆಶ್ಚರ್ಯ ಚಿಹ್ನೆ, ಐಟಂ ಅಂತ ಬರೆದ್ರೆ ಆ ಪ್ರೋಗ್ರಾಮಿಂದ ನಂಬರ್ ತಾನಾಗೇ ಬಂದು ಕೂರ್ತಿತ್ತು. ಶೇರು ರೇಟು ಸೆಲ್ಲಲ್ಲಿ ಮಿಣಮಿಣ ಅಂತ ಬದಲಾಗೋದನ್ನ ನಾನು ಮೊದಲು ನೋಡಿದ್ದೇ ಹಾಗೆ, ಒಬ್ಬ ಬ್ರೋಕರ್ ಆಫೀಸಲ್ಲಿ. ಕಾಫಿ ಲೋಟ ಕೈಯಲ್ಲೇ ತಣ್ಣಗಾಗಿತ್ತು.

ನಿದ್ದೆಗೇಡಿ · ರಾತ್ರಿ 10:24

ಸರ್ ಪ್ರಶ್ನೆ ಟ್ಯಾಲಿ ಬಗ್ಗೆ

ಹಳೇ_ವಿಂಡೋಸ್ · ರಾತ್ರಿ 10:25

ಗೊತ್ತಪ್ಪ. ಹಿನ್ನೆಲೆ ಹೇಳಿದೆ ಅಷ್ಟೆ.

ಲೆಡ್ಜರ್_ಲಕ್ಷ್ಮಿ · ರಾತ್ರಿ 10:37

ನಾನು ಆ "ಒಳಗಿನ ರೂಮಿನ ಮೇಡಂ" ಜಾತಿಯವಳು, 11 ವರ್ಷದಿಂದ ಟ್ಯಾಲಿ ಮುಂದೆ ಕೂತಿದೀನಿ. ನಂದೊಂದು ಮಾತು ಕೇಳಿ. ನೀವೆಲ್ಲ "ಮೇಡಂಗೆ ತೊಂದರೆ ಆಗದಂಗೆ" ಅಂತೀರಲ್ಲ, ತೊಂದರೆ ಅಂದ್ರೆ ಮೌಸ್ ಅಲ್ಲಾಡೋದಲ್ಲ. ನಂಗೆ ಗೊತ್ತಿಲ್ಲದೆ ನನ್ನ ಪುಸ್ತಕದಲ್ಲಿ ಎಂಟ್ರಿ ಬಂದು ಕೂರೋದೇ ತೊಂದರೆ. ಬ್ಯಾಂಕ್ ಲೆಕ್ಕ ತಾಳೆ ನೋಡ್ತಾ ಇರ್ತೀನಿ, ಬ್ಯಾಲೆನ್ಸ್ ಬರ್ಕೊಂಡಿರ್ತೀನಿ, ಇನ್ನೊಂದ್ಸಲ ನೋಡಿದ್ರೆ ಬೇರೆ ನಂಬರ್. ತಲೆ ಕೆಟ್ಟು ಹೋಗುತ್ತೆ. ಕೊನೆಗೆ ಆಡಿಟರ್ ಹತ್ರ ಬೈಸ್ಕೊಳ್ಳೋಳು ನಾನು, ನಿಮ್ಮ ಪೈಥಾನ್ ಅಲ್ಲ.

ಫೈಲ್ ಮಾಡಿ ಕೊಡಿ, ನಾನೇ ಇಂಪೋರ್ಟ್ ಒತ್ತ್ಕೋತೀನಿ. ಅದರಲ್ಲಿ ಏನು ಕಷ್ಟ?

ಕುಡ್ಲದ_ಕೋಡರ್ · ರಾತ್ರಿ 10:45

ಕಷ್ಟ ಏನಿಲ್ಲ ಮೇಡಂ, ಆದ್ರೆ ದಿನಾ ಪೆನ್‌ಡ್ರೈವ್ ಹಿಡ್ಕೊಂಡು ಓಡಾಡೋದು, ನಿನ್ನೆಯ ಫೈಲೇ ಇವತ್ತು ಪುನಃ ಇಂಪೋರ್ಟ್ ಮಾಡೋದು, ಅದೂ ನಡೀತದೆ ಅಲ್ವಾ? ನಾನು ಒಂದು ಕಡೆ ಕಣ್ಣಾರೆ ನೋಡಿದ್ದೇನೆ, ಒಂದೇ ದಿನದ ಸೇಲ್ಸ್ ಮೂರು ಸಲ.

ಲೆಡ್ಜರ್_ಲಕ್ಷ್ಮಿ · ರಾತ್ರಿ 10:47

ಅದು ಮನುಷ್ಯರ ತಪ್ಪು, ಹುಡುಕಿ ಸರಿ ಮಾಡ್ಬಹುದು. ರಾತ್ರಿ ಮೂರಕ್ಕೆ ಸ್ಕ್ರಿಪ್ಟ್ ಮಾಡಿದ ತಪ್ಪಿಗೆ ಯಾರನ್ನ ಕೇಳ್ಲಿ?

ಸಿಎ_ಆಗದ_ಸಿಎ · ರಾತ್ರಿ 10:59

ಇಬ್ರೂ ಸರಿನೇ, ನಡುವೆ ಒಂದು ದಾರಿ ಇದೆ, ಯಾರೂ ಹೇಳ್ಲಿಲ್ಲ ಅಂತ ಆಶ್ಚರ್ಯ. ಆಪ್ಷನಲ್ ವೋಚರ್ (ವೋಚರ್ ಅಂದ್ರೆ ಟ್ಯಾಲಿಯ ಒಂದು ಎಂಟ್ರಿ). ಲಕ್ಷ್ಮಿ ಅವರಿಗೆ ಗೊತ್ತಿರುತ್ತೆ, ಕಂಟ್ರೋಲ್ ಎಲ್ ಒತ್ತಿದ್ರೆ ವೋಚರ್ ಆಪ್ಷನಲ್ ಆಗುತ್ತೆ, ಪುಸ್ತಕದಲ್ಲಿ ಇರುತ್ತೆ ಆದ್ರೆ ಬ್ಯಾಲೆನ್ಸ್ ಮುಟ್ಟಲ್ಲ. ಎಕ್ಸ್‌ಎಂಎಲ್‌ನಲ್ಲೂ ಅದಕ್ಕೊಂದು ಟ್ಯಾಗ್ ಇದೆ, ಈಸ್‌ಆಪ್ಷನಲ್ ಅಂತ, ಅದಕ್ಕೆ ಎಸ್ ಕೊಟ್ಟು ಕಳ್ಸಿ. ಪ್ರೋಗ್ರಾಮ್ ಎಷ್ಟು ಹೊತ್ತಿಗೆ ಬೇಕಾದ್ರೂ ಕಳ್ಸ್ಲಿ, ಮೇಡಂ ಸಂಜೆ ಎಕ್ಸೆಪ್ಶನ್ ರಿಪೋರ್ಟ್ಸಲ್ಲಿ ಆಪ್ಷನಲ್ ವೋಚರ್ಸ್ ತೆಗ್ದು ಕಣ್ಣಾಡಿಸಿ ರೆಗ್ಯುಲರ್ ಮಾಡ್ಕೊಂಡ್ರೆ ಆಯ್ತು. ಕಳ್ಸೋದು ಯಂತ್ರ, ಒಪ್ಕೊಳ್ಳೋದು ಮನುಷ್ಯ.

ಇನ್ನೊಂದು, ನಿಮ್ಮ ಮಾವಂದು ಪ್ರೈವೇಟ್ ಲಿಮಿಟೆಡ್ ಆಗಿದ್ರೆ ಮಾತ್ರ: ಏಪ್ರಿಲ್ 1, 2023ರಿಂದ ಕಂಪನಿಗಳು ಎಡಿಟ್ ಲಾಗ್ (ಯಾವ ಎಂಟ್ರಿ ಯಾರು ತಿದ್ದಿದ್ರು ಅನ್ನೋ ದಾಖಲೆ) ಇರೋ ಸಾಫ್ಟ್‌ವೇರಲ್ಲೇ ಲೆಕ್ಕ ಇಡ್ಬೇಕು, ಆ ಲಾಗ್ ಆಫ್ ಮಾಡೋ ಹಾಗಿಲ್ಲ. ಟೆಸ್ಟ್ ಮಾಡ್ತೀನಿ ಅಂತ ಅಸಲಿ ಕಂಪನಿಗೆ 200 ಎಂಟ್ರಿ ತಳ್ಳಿ ಆಮೇಲೆ ಡಿಲೀಟ್ ಮಾಡಿದ್ರೆ ಗುರುತು ಉಳಿಯುತ್ತೆ. ಟೆಸ್ಟಿಗೆ ಬೇರೆ ಕಂಪನಿ ಕ್ರಿಯೇಟ್ ಮಾಡ್ಕೊಳ್ಳಿ.

ಲೆಡ್ಜರ್_ಲಕ್ಷ್ಮಿ · ರಾತ್ರಿ 11:03

ಆಪ್ಷನಲ್ ಆದ್ರೆ ಒಪ್ಪಿದೆ. ಇದನ್ನ ನಮ್ಮ ಆಫೀಸಿನ ಹುಡುಗನಿಗೂ ಹೇಳ್ಬೇಕು.

ಗುಜರಿ_ಪೈಥಾನ್ · ರಾತ್ರಿ 11:30

ಟ್ರೈ ಮಾಡ್ದೆ. ಬ್ರೌಸರಲ್ಲಿ "ರನ್ನಿಂಗ್" ಅಂತ ಬಂತು, ಖುಷಿ ಆಯ್ತು. ನಮ್ಮನೆ ಲ್ಯಾಪ್‌ಟಾಪಲ್ಲಿ ಎಜುಕೇಶನಲ್ ಮೋಡಲ್ಲಿ (ಲೈಸೆನ್ಸ್ ಇಲ್ದೆ ಕಲಿಯೋಕೆ ಇರೋದು) ಟೆಸ್ಟ್ ಕಂಪನಿ ಮಾಡಿ ಒಂದು ಸೇಲ್ಸ್ ವೋಚರ್ ಕಳ್ಸ್ದೆ. ಸ್ಟೇಟಸ್ 200 ಬಂತು, ಆದ್ರೆ ಟ್ಯಾಲಿಯಲ್ಲಿ ಏನೂ ಇಲ್ಲ!! ದಿನಾಂಕ ಇವತ್ತಿಂದೇ, 17ನೇ ತಾರೀಕು, 20ರಿಂದ ಶುರುವಾಗೋ ಎಂಟಂಕಿಯಲ್ಲೇ ಕೊಟ್ಟಿದೀನಿ, ವರ್ಷ ತಿಂಗಳು ದಿನ ಅಂತ.

ಕುಡ್ಲದ_ಕೋಡರ್ · ರಾತ್ರಿ 11:36

ಮೊದಲನೇದು, ಎಜುಕೇಶನಲ್ ಮೋಡಲ್ಲಿ ತಿಂಗಳ 1, 2ನೇ ತಾರೀಕಿನ ಹಾಗೆ ಕೆಲವೇ ದಿನಕ್ಕೆ ಮಾತ್ರ ಎಂಟ್ರಿ ತಗೊಳ್ತದೆ. 17 ಹಾಕಿದ್ರೆ ಹೇಗೆ ಆಗ್ತದೆ! 1ನೇ ತಾರೀಕು ಹಾಕಿ ನೋಡಿ.

ಎರಡನೇದು, 200 ಬಂತು ಅಂತ ನಂಬ್ಬೇಡಿ. ಅದು "ನಿಮ್ಮ ಕಾಗದ ನಂಗೆ ಮುಟ್ಟಿತು" ಅಂತ ಮಾತ್ರ. ವಾಪಸ್ ಬಂದ ಎಕ್ಸ್‌ಎಂಎಲ್ ಒಳಗೆ ಕ್ರಿಯೇಟೆಡ್ ಎಷ್ಟು, ಎರರ್ಸ್ ಎಷ್ಟು ಅಂತ ಇರ್ತದೆ, ಕ್ರಿಯೇಟೆಡ್ 1 ಇದ್ರೆ ಮಾತ್ರ ಸೈ. ಲೈನ್‌ಎರರ್ ಅಂತ ಟ್ಯಾಗ್ ಇದ್ರೆ ಅದರಲ್ಲೇ ಕಾರಣ ಬರ್ದಿರ್ತದೆ, ಇಂಥ ಲೆಡ್ಜರ್ ಇಲ್ಲ ಅಂತ ಎಲ್ಲ. ಆ ಉತ್ತರವನ್ನ ಹಾಗೇ ಒಂದು ಫೈಲಲ್ಲಿ ಬರ್ದಿಡಿ, ಒಂದು ದಿನ ಬೇಕಾಗ್ತದೆ.

ಗುಜರಿ_ಪೈಥಾನ್ · ರಾತ್ರಿ 11:52

1ನೇ ತಾರೀಕು ಹಾಕ್ದೆ. ಈಗ ಬೇರೆ ಕಥೆ, ಡೆಬಿಟ್ ಕ್ರೆಡಿಟ್ ಸಮ ಇಲ್ಲ ಅಂತಿದೆ. ಪಾರ್ಟಿಗೆ 1180, ಸೇಲ್ಸ್ 1000, ಸಿಜಿಎಸ್‌ಟಿ 90, ಎಸ್‌ಜಿಎಸ್‌ಟಿ 90. ಸರಿಯಾಗೇ ಇದ್ಯಲ್ಲ?

ಸಿಎ_ಆಗದ_ಸಿಎ · ರಾತ್ರಿ 11:57

ಪಾರ್ಟಿಗೆ ಮೈನಸ್ 1180 ಹಾಕಿ. ಟ್ಯಾಲಿ ಎಕ್ಸ್‌ಎಂಎಲ್‌ನಲ್ಲಿ ಡೆಬಿಟ್ ಅಂದ್ರೆ ಮೈನಸ್, ಕ್ರೆಡಿಟ್ ಅಂದ್ರೆ ಪ್ಲಸ್. ಜೊತೆಗೆ ಈಸ್‌ಡೀಮ್ಡ್‌ಪಾಸಿಟಿವ್ ಅನ್ನೋ ಟ್ಯಾಗಿಗೆ ಪಾರ್ಟಿ ಸಾಲಲ್ಲಿ ಎಸ್, ಉಳಿದ ಮೂರಕ್ಕೆ ನೋ. ಎಲ್ಲ ಕೂಡಿದ್ರೆ ಸೊನ್ನೆ ಬರ್ಬೇಕು. ಕಾಮರ್ಸ್ ಓದಿದೋರಿಗೆ ಹೆಸರು ನೋಡಿದ್ರೇ ತಲೆ ತಿರುಗುತ್ತೆ, ಡೆಬಿಟ್ಟಿಗೆ ಮೈನಸ್ ಅಂತೆ, ಅದಕ್ಕೆ ಪಾಸಿಟಿವ್ ಅಂತೆ. ಯೋಚ್ನೆ ಮಾಡ್ಬೇಡಿ, ಬಾಯಿಪಾಠ ಮಾಡ್ಕೊಳ್ಳಿ.

ಸುಲಭದ ಉಪಾಯ ಬೇಕಂದ್ರೆ ಟ್ಯಾಲಿಯಲ್ಲಿ ಕೈಯಲ್ಲೇ ಒಂದು ವೋಚರ್ ಹಾಕಿ, ಅದನ್ನ ಎಕ್ಸ್‌ಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಅದನ್ನೇ ಅಚ್ಚು ಅಂತ ಇಟ್ಕೊಂಡು ನಿಮ್ಮ ನಂಬರ್ ತುಂಬ್ಸಿ. ಸ್ಟಾಕ್ ಐಟಂ ಸಮೇತ ಕಳ್ಸೋದಿದ್ರಂತೂ ಹಿಂಗೇ ಮಾಡ್ಬೇಕು.

ಪೆಂಗ್ವಿನ್_ಪಾಪಣ್ಣ · ರಾತ್ರಿ 12:08

ಲಿನಕ್ಸಲ್ಲಿ ಇಷ್ಟೆಲ್ಲಾ ಗೋಳೇ ಇಲ್ಲ, ಓಡ್ತಿರೋ ಪ್ರೋಗ್ರಾಮುಗಳು ಮಾತಾಡ್ಕೊಳ್ಳೋಕೆ ಡಿ-ಬಸ್ ಅಂತ ಇದೆ. ಪ್ಲೇಯರ್‌ಸಿಟಿಎಲ್ ಪಾಝ್ (ತಡೆ ಹಿಡಿ) ಅಂತ ಟರ್ಮಿನಲಲ್ಲಿ ಹೊಡೆದ್ರೆ ಓಡ್ತಿರೋ ವಿಎಲ್‌ಸಿ ಗಪ್‌ಚುಪ್. ನಾನು ಮನೇಲಿ ರಾತ್ರಿ ಯಕ್ಷಗಾನ ಹಾಕ್ಕೊಂಡು ಮಲಗ್ತೀನಿ, ಒಂದು ಗಂಟೆಗೆ ತಾನೇ ನಿಲ್ಲೋ ಹಾಗೆ ಕ್ರಾನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಮಾಡ್ಸೋ ಸೌಲಭ್ಯ) ಇದೊಂದೇ ಸಾಲು. ಎಂಪಿವಿ ಪ್ಲೇಯರ್ ಆದ್ರೆ ಇನ್ನೂ ಸೊಗಸು, ಶುರು ಮಾಡುವಾಗ್ಲೇ ಒಂದು ಸಾಕೆಟ್ ಫೈಲ್ ಹೆಸರು ಕೊಟ್ಬಿಟ್ರೆ ಅದಕ್ಕೆ ಜೇಸನ್ ರೂಪದ ಸಂದೇಶ ಬರ್ದು ಏನ್ ಬೇಕಾದ್ರೂ ಹೇಳ್ಬಹುದು.

ಫೇಡಾ_404 · ರಾತ್ರಿ 12:11

ಪಾಪಣ್ಣಾರ, ಅಂಗಡ್ಯಾಗ ಟ್ಯಾಲಿ ಓಡೂದು ವಿಂಡೋಸ್ ಮ್ಯಾಲ. ಮಾವಗ ಯಕ್ಷಗಾನ ತೋರ್ಸಿ ಸಮಾಧಾನ ಮಾಡೂದಾ?

ಪೆಂಗ್ವಿನ್_ಪಾಪಣ್ಣ · ರಾತ್ರಿ 12:12

ತೋರ್ಸಿ ನೋಡ್ರಿ, ಸಮಾಧಾನ ಆದ್ರೂ ಆಗ್ಬಹುದು

ಅಡಿಕೆ_ಸುಲಿಯೋನು · ಬೆಳಗ್ಗೆ 6:40

ರಾತ್ರಿ ನೋಡ್ಲಿಲ್ಲ. ನಾನು ಮಂಡಿ ಲೆಕ್ಕಕ್ಕೆ ಇದನ್ನೇ ಎರಡು ವರ್ಷದಿಂದ ಓಡಿಸ್ತಿದೀನಿ, ಕೈ ಸುಟ್ಕೊಂಡ ಜಾಗ ಮಾತ್ರ ಹೇಳ್ತೀನಿ.

ದೊಡ್ಡದು ಟೈಮ್‌ಔಟು. ನನ್ನ ಪ್ರೋಗ್ರಾಮಲ್ಲಿ 5 ಸೆಕೆಂಡು ಕಾಯಿ, ಉತ್ತರ ಬರ್ಲಿಲ್ಲ ಅಂದ್ರೆ ಮತ್ತೆ ಕಳ್ಸು ಅಂತ ಬರ್ದಿದ್ದೆ, ಜಾಣತನ ಅಂದ್ಕೊಂಡು. ಸೀಸನ್ ಟೈಮು, ನಮ್ಮ ಗುಮಾಸ್ತರು ಇಡೀ ವರ್ಷದ್ದು ಒಂದು ದೊಡ್ಡ ರಿಪೋರ್ಟ್ ತೆಗೀತಾ ಇದ್ರು, ಟ್ಯಾಲಿ ಅದರಲ್ಲೇ ಮುಳುಗಿತ್ತು, ನನ್ನ ರಿಕ್ವೆಸ್ಟ್ ಕಾಯ್ತಾ ಕೂತ್ವು. ನಾನು ಮತ್ತೆ ಕಳ್ಸ್ದೆ. ಮತ್ತೆ. ರಿಪೋರ್ಟ್ ಮುಗಿದದ್ದೇ ತಡ ಎಲ್ಲಾನೂ ಒಟ್ಟಿಗೆ ಒಳಗೆ ಹೋದ್ವು, ಒಬ್ಬ ರೈತರ ಖಾತೆಗೆ 38 ಸಾವಿರ ಮೂರು ಸಲ ಜಮಾ. ಅವರು ಪುಣ್ಯಾತ್ಮ ಬಂದು "ತಮಾ, ನಂಗೆ ಇಷ್ಟು ಬರೂದಿಲ್ವಲ" ಅಂತ ಹೇಳಿದ್ರು. ಎಲ್ರೂ ಹಂಗೆ ಹೇಳ್ತಾರಾ?

ತಪ್ಪು ಟ್ಯಾಲಿದಲ್ಲ, ನಂದೇ. ಉತ್ತರ ಬರ್ಲಿಲ್ಲ ಅಂದ್ರೆ ಕೆಲಸ ಆಗ್ಲಿಲ್ಲ ಅಂತ ಅರ್ಥ ಅಲ್ಲ, ಆಗಿರ್ಲೂಬಹುದು. ಈಗ ಪ್ರತಿ ಬಿಲ್ಲಿನ ನಂಬರನ್ನ ರೆಫರೆನ್ಸಲ್ಲಿ ಹಾಕ್ತೀನಿ, ಉತ್ತರ ಬರದೇ ಇದ್ರೆ ಮೊದಲು ಆ ದಿನದ ವೋಚರ್ ಪಟ್ಟಿ ತರ್ಸಿ ಆ ನಂಬರ್ ಇದ್ಯಾ ನೋಡ್ತೀನಿ, ಇಲ್ಲ ಅಂದ್ರೆ ಮಾತ್ರ ಮತ್ತೆ ಕಳ್ಸ್ತೀನಿ. ಒಂದೊಂದಾಗಿ, ಸಾಲಲ್ಲಿ. ಟೈಮ್‌ಔಟ್ 2 ನಿಮಿಷ.

ಸಣ್ಣವು: ಹೆಸರಲ್ಲಿ ಆ್ಯಂಡ್ ಚಿಹ್ನೆ ಇರೋ ಪಾರ್ಟಿಗಳು, "ಆ್ಯಂಡ್ ಸನ್ಸ್" ಇತ್ಯಾದಿ, ಆ ಚಿಹ್ನೆ ಹಂಗೇ ಕಳ್ಸಿದ್ರೆ ಎಕ್ಸ್‌ಎಂಎಲ್ ಒಡೆದು ಹೋಗುತ್ತೆ, ಎಸ್ಕೇಪ್ ಮಾಡ್ಬೇಕು (ಬದಲಿ ಸಂಕೇತ ಹಾಕ್ಬೇಕು). ವಾಪಸ್ ಬರೋ ಎಕ್ಸ್‌ಎಂಎಲ್‌ನಲ್ಲಿ "ಪ್ರೈಮರಿ", "ನಾಟ್ ಅಪ್ಲಿಕೇಬಲ್" ಇಂಥ ಪದಗಳ ಮುಂದೆ 4ನೇ ನಂಬರಿನ ಕಂಟ್ರೋಲ್ ಕ್ಯಾರೆಕ್ಟರ್ ಒಂದು ಇರುತ್ತೆ, ಪೈಥಾನಿನ ಪಾರ್ಸರ್ (ಅದನ್ನ ಓದಿ ಬಿಡಿಸೋದು) ಅಲ್ಲಿಗೇ ಕೈ ಎತ್ತುತ್ತೆ. ಪಾರ್ಸ್ ಮಾಡೋಕೆ ಮುಂಚೆ ಅದನ್ನ ತೆಗೆದು ಹಾಕಿ. ಎರಡ್ಮೂರು ಕಂಪನಿ ಒಟ್ಟಿಗೆ ಓಪನ್ ಇಟ್ಕೊಳ್ಳೋ ಅಭ್ಯಾಸ ಇದ್ರೆ ಎಸ್‌ವಿಕರೆಂಟ್‌ಕಂಪನಿ ಅನ್ನೋ ಟ್ಯಾಗಲ್ಲಿ ಕಂಪನಿ ಹೆಸರು ಕೊಡ್ಲೇಬೇಕು, ಇಲ್ದಿದ್ರೆ ಅಣ್ಣನ ಅಂಗಡಿ ಬಿಲ್ಲು ತಮ್ಮನ ಪುಸ್ತಕಕ್ಕೆ.

ಹಳೇ_ವಿಂಡೋಸ್ · ಬೆಳಗ್ಗೆ 7:15

ಚೆನ್ನಾಗಿ ಹೇಳಿದ್ರಿ. ಎಕ್ಸೆಲ್ಲಲ್ಲೂ ಇದೇ ರೀತಿ ಒಂದಿದೆ. ಕಾಮ್ (ವಿಂಡೋಸಲ್ಲಿ ಪ್ರೋಗ್ರಾಮುಗಳು ಒಂದನ್ನೊಂದು ನಡೆಸೋ ವ್ಯವಸ್ಥೆ) ಮೂಲಕ ಓಡ್ತಿರೋ ಎಕ್ಸೆಲ್ಲಿಗೆ ಗೆಟ್‌ಆ್ಯಕ್ಟಿವ್‌ಆಬ್ಜೆಕ್ಟ್ ಅಂತ ತಗಲಿಕೊಂಡು ಬರೀತಿರ್ತೀವಿ, ಅಷ್ಟರಲ್ಲಿ ಅಲ್ಲಿ ಕೂತಿರೋರು ಯಾವ್ದೋ ಸೆಲ್ ಡಬಲ್ ಕ್ಲಿಕ್ ಮಾಡಿ ಕರ್ಸರ್ ಮಿಣುಕಿಸ್ತಾ ಫೋನಲ್ಲಿ ಮಾತಾಡ್ತಾ ಕೂತ್ರೆ "ಕಾಲ್ ವಾಸ್ ರಿಜೆಕ್ಟೆಡ್ ಬೈ ಕಾಲೀ" ಅಂತ ಎರರ್. ಅವರು ಎಂಟರ್ ಒತ್ತೋ ತನಕ ಎಕ್ಸೆಲ್ ಯಾರ ಮಾತೂ ಕೇಳಲ್ಲ. ಸ್ವಲ್ಪ ಕಾದು ಮತ್ತೆ ಕೇಳ್ಬೇಕು. ಇಲ್ಲಿ ಮಾತ್ರ ರಿಟ್ರೈ ಸರಿ, ಯಾಕಂದ್ರೆ ಅದು ಬಾಯಿ ಬಿಟ್ಟು ಇಲ್ಲ ಅಂದಿರುತ್ತೆ.

ಇನ್ನೊಂದು, ನಿಮ್ಮ ಸ್ಕ್ರಿಪ್ಟ್ ಅಡ್ಮಿನ್ ಆಗಿ ಓಡಿಸಿ ಎಕ್ಸೆಲ್ ಮಾಮೂಲಿ ಯೂಸರಾಗಿ ಓಡ್ತಿದ್ರೆ ಒಂದಕ್ಕೊಂದು ಕಾಣ್ಸೋದೇ ಇಲ್ಲ. ಕಣ್ಣೆದುರು ಎಕ್ಸೆಲ್ ತೆರ್ದಿರುತ್ತೆ, ಸ್ಕ್ರಿಪ್ಟು ಇಲ್ಲ ಅನ್ನುತ್ತೆ. ಇದಕ್ಕೆ ಒಂದು ಇಡೀ ಶನಿವಾರ ಕಳ್ಕೊಂಡಿದೀನಿ.

ನಿದ್ದೆಗೇಡಿ · ಬೆಳಗ್ಗೆ 7:20

ಒಂದು ದಡ್ಡ ಪ್ರಶ್ನೆ. ಈ 9000 ಪೋರ್ಟಿಗೆ ಪಾಸ್‌ವರ್ಡ್ ಎಲ್ಲಿ ಕೊಡೋದು?

ಕುಡ್ಲದ_ಕೋಡರ್ · ಬೆಳಗ್ಗೆ 7:31

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ, ಇದನ್ನೇ ಮೊದಲು ಕೇಳ್ಬೇಕಿತ್ತು. ಕೊಡೋದು ಎಲ್ಲೂ ಇಲ್ಲ. ಮೇಡಂ ಪಾಸ್‌ವರ್ಡ್ ಹಾಕಿ ಕಂಪನಿ ಓಪನ್ ಮಾಡಿ ಕೂತ್ರೆ, ಪೋರ್ಟ್ ಯಾರಿಗೆ ಸಿಗ್ತದೋ ಅವರಿಗೆಲ್ಲ ಬಾಗಿಲು ತೆರೆದ ಹಾಗೆಯೇ. ಹಾಗಾಗಿ ವಿಂಡೋಸ್ ಫೈರ್‌ವಾಲಲ್ಲಿ ಕೌಂಟರ್ ಕಂಪ್ಯೂಟರಿನ ಐಪಿ ಒಂದಕ್ಕೆ ಮಾತ್ರ ಬಿಡಿ. ಗಿರಾಕಿಗಳಿಗೆ ಕೊಡುವ ವೈಫೈಯೂ ಇದೂ ಒಂದೇ ಆಗಿದ್ರೆ ಇವತ್ತೇ ಬೇರೆ ಮಾಡಿ. ಮನೆಯಿಂದ ನೋಡ್ಬೇಕು ಅಂತ ರೂಟರಲ್ಲಿ 9000 ಫಾರ್ವರ್ಡ್ ಮಾಡೋ (ಹೊರಗಿನ ಇಂಟರ್ನೆಟ್ಟಿಗೆ ತೆರೆಯೋ) ಬುದ್ಧಿ ಮಾತ್ರ ಬೇಡ.

ಗುಜರಿ_ಪೈಥಾನ್ · ಬೆಳಗ್ಗೆ 7:44

...ಅದೇ ಪ್ಲ್ಯಾನ್ ಇತ್ತು. ಬಿಟ್ಟೆ.

ಫೇಡಾ_404 · ಬೆಳಗ್ಗೆ 7:46

ಮೊದಲ ಸಪ್ಲೈಯರ್‌ಗ, ಆಮೇಲ ಇಡೀ ಜಗತ್ತಿಗೆ. ಮಾವನ ಅಂಗಡಿ ಓಪನ್ ಸೋರ್ಸ್ ಮಾಡಾಕ ಹೊಂಟಾರ್ರಿ ಇವರು

ಬರಹಗೇಡಿ · ಬೆಳಗ್ಗೆ 8:30

ನಮ್ಮಲ್ಲಿ ಲೆಡ್ಜರ್ ಹೆಸರು ಕನ್ನಡದಲ್ಲೇ ಇದಾವೆ, ರೈತರ ಹೆಸರು ಊರು ಸಮೇತ. ಎಕ್ಸ್‌ಪೋರ್ಟ್ ಮಾಡಿದ್ರೆ ಬರೀ ಪ್ರಶ್ನೆ ಚಿಹ್ನೆ ಬರ್ತವೆ. ಏನ್ ಮಾಡೋದು?

ಅಡಿಕೆ_ಸುಲಿಯೋನು · ಬೆಳಗ್ಗೆ 8:41

ರಿಕ್ವೆಸ್ಟನ್ನ ಯುಟಿಎಫ್-16 ಅನ್ನೋ ಯುನಿಕೋಡ್ ರೂಪದಲ್ಲಿ ಕಳ್ಸಿ, ಕಂಟೆಂಟ್ ಟೈಪ್ ಹೆಡರಲ್ಲೂ ಅದನ್ನೇ ಬರೀರಿ. ಉತ್ತರನೂ ಯುಟಿಎಫ್-16ರಲ್ಲೇ ಬರುತ್ತೆ, ನಂಗೆ ಒತ್ತಕ್ಷರ ಸಮೇತ ಸರಿಯಾಗಿ ಬರ್ತಿದೆ. ಆದ್ರೆ ಆ ಹೆಸರುಗಳು ನಿಜವಾಗ್ಲೂ ಯುನಿಕೋಡಾ, ಇಲ್ಲ ಯಾರಾದ್ರೂ ಹಳೇ ನುಡಿ ಆಸ್ಕಿ ಫಾಂಟಿಂದ ತಂದು ಅಂಟ್ಸಿದಾರಾ ನೋಡ್ಕೊಳ್ಳಿ. ಅಂಟ್ಸಿದ್ರೆ ಅದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ. ವೇಷ ಕಳಚಿದ ತಕ್ಷಣ ವಿಚಿತ್ರ ಕಾಣುತ್ತೆ.

ಬರಹಗೇಡಿ · ಬೆಳಗ್ಗೆ 8:52

ಅರ್ಧ ಹಂಗೆ ಅರ್ಧ ಹಿಂಗೆ ಇದಾವೆ 😭

ಲೆಡ್ಜರ್_ಲಕ್ಷ್ಮಿ · ಬೆಳಗ್ಗೆ 9:10

ಅದನ್ನ ಕೈಯಲ್ಲೇ ಸರಿ ಮಾಡ್ಬೇಕು ತಮ್ಮಾ. ಒಂದು ಭಾನುವಾರ, ಎರಡು ಫ್ಲಾಸ್ಕ್ ಟೀ. ನಾನು ಮಾಡಿದೀನಿ, 640 ಲೆಡ್ಜರ್.

ಗುಜರಿ_ಪೈಥಾನ್ · ಮರುದಿನ, ರಾತ್ರಿ 8:15

ಅಪ್ಡೇಟ್. ಇವತ್ತು ಅಂಗಡೀಲಿ ನಿಜವಾದ ಟ್ಯಾಲಿಗೆ ಕಳ್ಸ್ದೆ, ಎಲ್ಲಾ ಆಪ್ಷನಲ್. 127 ಬಿಲ್ಲು, 124 ಹೋದ್ವು. ಉಳಿದ ಮೂರು ಲೈನ್‌ಎರರ್, ಒಂದೇ ಪಾರ್ಟಿ, ನನ್ನ ಸಾಫ್ಟ್‌ವೇರಲ್ಲಿ "ಮಂಜುನಾಥ" ಅಂತ ಇದೆ, ಮೇಡಂ ಟ್ಯಾಲಿಯಲ್ಲಿ "ಮಂಜುನಾಥ ಪ್ಲಂಬರ್ ಹಳೇ ಬಾಕಿ" ಅಂತ ಇಟ್ಟಿದಾರೆ. ಅವರು ಇನ್ವರ್ಡ್ ಎಂಟ್ರಿ ಹಾಕ್ತಾನೇ ಇದ್ರು, ನಾನು ಪಕ್ಕದಲ್ಲಿ ಕಳ್ಸ್ತಾನೇ ಇದ್ದೆ, ಅವರಿಗೆ ಗೊತ್ತೇ ಆಗ್ಲಿಲ್ಲ. ಸಂಜೆ ಪಟ್ಟಿ ತೆಗ್ದು ತೋರಿಸ್ದೆ. ಒಂದೊಂದೂ ಕೌಂಟರ್ ಕಾಪಿ ಜೊತೆ ಹೋಲ್ಸಿ ನೋಡಿದ್ರು, ಮುಕ್ಕಾಲು ಗಂಟೆ. "ನಾಳೆಯಿಂದ ಹತ್ತು ನೋಡ್ತೀನಿ, ಎಲ್ಲಾ ನೋಡಲ್ಲ" ಅಂದ್ರು.

ಇನ್ನೊಂದು ಸಮಸ್ಯೆ ಉಳಿದಿದೆ. ಅವರು 6 ಗಂಟೆಗೆ ಟ್ಯಾಲಿ ಬಂದ್ ಮಾಡಿ ಮನೆಗೆ ಹೋಗ್ತಾರೆ, ಅಂಗಡಿ 8ರ ತನಕ ಇರುತ್ತೆ. ಆ ಎರಡು ಗಂಟೆ ಬಿಲ್ಲು?

ಅಡಿಕೆ_ಸುಲಿಯೋನು · ರಾತ್ರಿ 8:22

ಟ್ಯಾಲಿ ಬಂದ್ ಅಂದ್ರೆ ಬಾಗಿಲೂ ಬಂದ್. ನಿಮ್ಮ ಡೇಟಾಬೇಸಲ್ಲೇ "ಕಳ್ಸಿಲ್ಲ" ಅಂತ ಗುರುತು ಹಾಕಿ ಇಟ್ಕೊಳ್ಳಿ, ಬೆಳಗ್ಗೆ ಮೇಡಂ ಕಂಪನಿ ಓಪನ್ ಮಾಡಿದ ಮೇಲೆ ತಾನಾಗೇ ಹೋಗ್ಲಿ. ತಾರೀಕು ಮಾತ್ರ ನಿನ್ನೇದೇ ಇರ್ಲಿ.

ಫೇಡಾ_404 · ರಾತ್ರಿ 8:25

ಅದೆಲ್ಲಾ ಇರ್ಲಿ, ಮಾವ ಮಾತಾಡ್ಸಿದ್ರೋ ಇಲ್ಲೋ?

ಗುಜರಿ_ಪೈಥಾನ್ · ರಾತ್ರಿ 8:31

"ಸಪ್ಲೈಯರ್‌ಗೂ ಹಿಂಗೇ ಕಳ್ಸೋಕಾಗುತ್ತಾ, ಆರ್ಡರ್ರು?" ಅಂದ್ರು. ನಗಲಿಲ್ಲ, ತಮಾಷೇನೋ ನಿಜಾನೋ ಗೊತ್ತಾಗ್ಲಿಲ್ಲ.